ಪೇಟೆ ಮಧ್ಯೆಯೇ ಇರುತ್ತೇನೆ ಅಪ್ಪ

ಮೆಲ್ಬರ್ನ್
ಜೂನ್, ಭಾನುವಾರ

ಪ್ರೀತಿಯ ಅಪ್ಪ, ಅಮ್ಮ, ಅಜ್ಜಿಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಮಂಗಳೂರಿನಲ್ಲಿ ಮಳೆ ಜೋರು ಹಿಡಿದಿರಬೇಕು ಅಲ್ವಾ? ಇಲ್ಲಿ ಚಳಿಗಾಲ. ಸಂಜೆ ಐದು ಕಳೆಯುವಷ್ಟರಲ್ಲಿ ಕತ್ತಲಾಗುತ್ತದೆ.

ಅಪ್ಪ, ನೀವು ಮೊನ್ನೆ ಫೋನಿನಲ್ಲಿ ಕೇಳಿದ್ದಕ್ಕೆ ಅವಸರದಲ್ಲಿ ಸರಿಯಾಗಿ ಉತ್ತರ ಕೊಡಲಿಕ್ಕೆ ಆಗಲಿಲ್ಲ. ಊರ ಹೊರವಲಯದ ಟಾರ್ನೀಟಿನಲ್ಲಿ ಅಣ್ಣನ ಮನೆ ಹತ್ತಿರ ಇದೇ ಬಾಡಿಗೆಗೆ ದೊಡ್ಡ ಮನೆ ಸಿಗುತ್ತದೆ, ನಮ್ಮ ಕಡೆಯವರೂ ಇದ್ದಾರೆ, ಪೇಟೆ ಮಧ್ಯೆ ಇಷ್ಟು ಸಣ್ಣ ಕೋಣೆಯಲ್ಲಿ ಒಬ್ಬಳೇ ಯಾಕೆ ಅಂತ ದೊಡ್ಡಪ್ಪನೂ ಕೇಳಿದರಂತೆ. ಕೇಳಿದ್ದು ನನ್ನ ಮೇಲಿನ ಕಾಳಜಿಯಿಂದ ಅಂತ ಗೊತ್ತು. ಆದರೆ ನಾನು ಇಲ್ಲೇ ಇರಬೇಕೆಂದಿದ್ದೇನೆ. ಮುಂದಿನ ತಿಂಗಳು ಬಾಡಿಗೆ ಕರಾರು ಮುಗಿಯುತ್ತದೆ. ಮತ್ತೆ ಸಹಿ ಹಾಕುವ ಮೊದಲು ನಿಮಗೆ ಎಲ್ಲ ವಿವರವಾಗಿ ಹೇಳಬೇಕು ಅನ್ನಿಸಿತು.

ನಾನು ಮಂಗಳೂರು ಪೇಟೆಯ ನಡುವೆ, ಹಂಪನಕಟ್ಟೆಯ ಪಕ್ಕದಲ್ಲಿ ಬೆಳೆದವಳು. ಬಾಗಿಲು ತೆರೆದರೆ ಬೀದಿ, ಬೀದಿಗಿಳಿದರೆ ಗುರುತಿನವರು. ಅಣ್ಣನ ಮನೆ ನಿಜಕ್ಕೂ ಚಂದ. ಅತ್ತಿಗೆ ತುಂಬ ಪ್ರೀತಿಯಿಂದ ನೋಡಿಕೊಳ್ಳುತ್ತಾರೆ. ಆದರೆ ಅಲ್ಲಿ ಒಂದು ಲೀಟರ್ ಹಾಲು ತರಲಿಕ್ಕೂ ಕಾರು ತೆಗೆಯಬೇಕು. ಸಂಜೆ ಆರು ಗಂಟೆಗೆ ರಸ್ತೆಯಲ್ಲಿ ಒಂದು ನರಪಿಳ್ಳೆ ಕಾಣುವುದಿಲ್ಲ. ನನಗೆ ಒಂಟಿ ಅನ್ನಿಸುವುದು ಅಲ್ಲಿ, ಇಲ್ಲಿ ಅಲ್ಲ.

ಈ ಪೇಟೆಯ ಬೀದಿಗಳನ್ನು 1837ರಲ್ಲಿ ರಾಬರ್ಟ್ ಹಾಡಲ್ ಎಂಬ ಸರ್ವೇಯರ್ ಗೆರೆ ಎಳೆದ ಹಾಗೆ ಅಳೆದು ಹಾಕಿದ್ದು. ದೊಡ್ಡ ಬೀದಿಗಳು 99 ಅಡಿ ಅಗಲ. ನಡುನಡುವೆ 33 ಅಡಿಯ ಸಣ್ಣ ಬೀದಿಗಳು. ಅಂಗಡಿಗಳ ಹಿಂಬಾಗಿಲಿಗೆ ಸಾಮಾನು ಇಳಿಸಲಿಕ್ಕೆ, ಕಸ ಸಾಗಿಸಲಿಕ್ಕೆ ಅಂತ ಆಮೇಲೆ ಗಲ್ಲಿಗಳಾದವು. ಈಗ ಅವೇ ಗಲ್ಲಿಗಳಲ್ಲಿ ಊರಿನ ಜೀವ ಇರುವುದು. ಡಿಗ್ರೇವ್ಸ್ ಸ್ಟ್ರೀಟಿನಲ್ಲಿ ಬೆಳಗ್ಗೆ ಹೋದರೆ ಎರಡೂ ಬದಿ ಮೇಜು, ನಡುವೆ ಒಬ್ಬರು ಹೋಗುವಷ್ಟೇ ದಾರಿ. ಇಲ್ಲಿನವರಿಗೆ ಕಾಫಿ ಅಂದರೆ ಜೀವ. ಒಂದು ಕಪ್ಪಿಗೆ ಐದು ಡಾಲರಿಗಿಂತ ಜಾಸ್ತಿ. ಮೊದಮೊದಲು ರೂಪಾಯಿಗೆ ಲೆಕ್ಕ ಹಾಕಿ ಸಂಕಟವಾಗುತ್ತಿತ್ತು. ಈಗ ವಾರದಲ್ಲಿ ಕೆಲವು ದಿನ ಮಾತ್ರ ಕುಡಿಯುತ್ತೇನೆ, ಉಳಿದ ದಿನ ಅಮ್ಮ ಕೊಟ್ಟ ಫಿಲ್ಟರೇ. ಕಾಫಿ ಮಾಡುವ ಹುಡುಗಿಗೆ ನನ್ನ ಹೆಸರು ಗೊತ್ತು. ನಾಲ್ಕು ದಿನ ಕಾಣದಿದ್ದರೆ ಹುಷಾರಿದ್ದೀಯಾ ಅಂತ ಕೇಳುತ್ತಾಳೆ. ಒಂದೇ ತೊಂದರೆ, ಮೂರು, ನಾಲ್ಕು ಗಂಟೆಗೆಲ್ಲ ಈ ಕೆಫೆಗಳು ಬಾಗಿಲು ಹಾಕುತ್ತವೆ. ಸಂಜೆ ಚಾ ಕುಡಿಯುವ ಹೊತ್ತಿಗೆ ಬೀದಿಯಲ್ಲಿ ಚಾ ಇಲ್ಲ! ಇದಕ್ಕೆ ಮಾತ್ರ ನಾನು ಇನ್ನೂ ಒಗ್ಗಿಲ್ಲ.

ಅಪ್ಪ, ನಿಮಗೆ ತೋರಿಸಬೇಕಾದದ್ದು ಕ್ವೀನ್ ವಿಕ್ಟೋರಿಯಾ ಮಾರ್ಕೆಟ್. ನಡೆದೇ ಹೋಗುತ್ತೇನೆ. 1878ರಲ್ಲಿ ಶುರುವಾದದ್ದು, ಅದೇ ಉದ್ದುದ್ದ ಮಾಡುಗಳ ಅಡಿ ಇವತ್ತಿಗೂ ತರಕಾರಿ ವ್ಯಾಪಾರ ನಡೆಯುತ್ತದೆ. ಸೋಮವಾರ, ಬುಧವಾರ ರಜೆ. ಭಾನುವಾರ ಮಧ್ಯಾಹ್ನದ ಮೇಲೆ ಹೋಗಬೇಕು. ಬಾಗಿಲು ಹಾಕುವ ಹೊತ್ತು ಹತ್ತಿರ ಬಂದ ಹಾಗೆ ವ್ಯಾಪಾರಿಗಳು ದರ ಇಳಿಸಿ ಕೂಗಲಿಕ್ಕೆ ಶುರು ಮಾಡುತ್ತಾರೆ. ಆ ಕೂಗು ಕೇಳಿದರೆ, ಚೀಲ ಹಿಡಿದು ನಿಮ್ಮ ಹಿಂದೆ ಸೆಂಟ್ರಲ್ ಮಾರ್ಕೆಟಿಗೆ ಬರುತ್ತಿದ್ದದ್ದು ನೆನಪಾಗುತ್ತದೆ. ಇವತ್ತು ಬದನೆ, ಟೊಮೆಟೊ, ಒಂದು ಕಟ್ಟು ಕೊತ್ತಂಬರಿ ತಂದೆ. ಅಲ್ಲೇ 1950ರಿಂದ ಒಂದು ವ್ಯಾನಿನಲ್ಲಿ ಜಾಮ್ ತುಂಬಿದ ಡೋನಟ್ ಕರಿದು ಕೊಡುತ್ತಾರೆ. ಚಳಿಯಲ್ಲಿ ಸಾಲಿನಲ್ಲಿ ನಿಂತು, ಕೈ ಸುಡುವ ಬಿಸಿಯಲ್ಲಿ ತಿನ್ನಬೇಕು. ಅಮ್ಮ, ನಿನ್ನ ಬನ್ಸಿನ ಮುಂದೆ ಅದು ಏನೂ ಅಲ್ಲ. ಆದರೂ ತಿನ್ನದೆ ಬರಲಿಕ್ಕೆ ಮನಸ್ಸಾಗುವುದಿಲ್ಲ. ಚಳಿಗಾಲದಲ್ಲಿ ಬುಧವಾರ ರಾತ್ರಿ ಅಲ್ಲಿ ಬೇರೆಯೇ ಸಂತೆ. ಊರೂರಿನ ತಿಂಡಿ, ಹಾಡು, ಹೊಗೆ, ಜನವೋ ಜನ.

ಊಟದ ಬಗ್ಗೆ ಅಮ್ಮನಿಗೆ ಚಿಂತೆ. ಬೇಡಮ್ಮ. ಮನೆಯಲ್ಲಿ ಅನ್ನ, ಸಾರು ದಿನಾ ಆಗುತ್ತದೆ. ಹೊರಗೆ ಹೋದರೆ ಲಿಟ್ಲ್ ಬರ್ಕ್ ಸ್ಟ್ರೀಟಿನಲ್ಲಿ ಚೈನಾಟೌನ್ ಇದೆ. 1850ರ ದಶಕದಲ್ಲಿ ಚಿನ್ನ ಹುಡುಕಿಕೊಂಡು ಬಂದ ಚೀನೀಯರು ಕಟ್ಟಿಕೊಂಡ ಬೀದಿ ಅದು. ತರಕಾರಿ ತುಂಬಿದ ಡಂಪ್ಲಿಂಗ್ ಹಬೆಯಲ್ಲಿ ಬೇಯಿಸಿ ಕೊಡುತ್ತಾರೆ. ಮಸಾಲೆ ದೋಸೆಯೂ ಸಿಗುತ್ತದೆ, ಆದರೆ ಚಟ್ನಿಗೆ ನಮ್ಮ ತೆಂಗಿನಕಾಯಿಯ ರುಚಿ ಇಲ್ಲ. ಹೋಟೆಲಿನಲ್ಲಿ ಟಿಪ್ಸ್ ಕೊಡಲೇಬೇಕೆಂದಿಲ್ಲ. ಗೆಳತಿಯರ ಜೊತೆ ಹೋದರೆ ಅವರವರ ಬಿಲ್ಲು ಅವರವರೇ ಕೊಡುವುದು. ನನಗೆ ಇದು ಮೊದಲು ಮುಜುಗರ ತಂದಿತ್ತು. ಅತಿಥಿಯನ್ನು ಕರೆದವರು ದುಡ್ಡು ಕೊಡಬೇಕು ಅಂತ ಕಲಿತವರು ನಾವು. ಈಗಲೂ ಹುಟ್ಟಿದ ಹಬ್ಬಕ್ಕೆ ನಾನೇ ಕೊಡುತ್ತೇನೆ.

ಅಜ್ಜಿ, ಇದು ನಿಮಗೆ. ಪತ್ತನಾಜೆ ಕಳೆಯಿತು, ಯಕ್ಷಗಾನ ಮೇಳದವರು ಈ ವರ್ಷದ ಆಟ ಮುಗಿಸಿ ಗೆಜ್ಜೆ ಬಿಚ್ಚಿದರು, ಇನ್ನು ಮಳೆಗಾಲದಲ್ಲಿ ಮನೆಮನೆಗೆ ಹೋಗಿ ಆಡುವ ಚಿಕ್ಕಮೇಳ ನಮ್ಮ ಮನೆಗೆ ಬರುವವರೆಗೆ ನಿಮಗೆ ಬೇಸರ. ಇಲ್ಲಿ ಮಳೆ ಚಳಿ ಇಲ್ಲದೆ ಒಳಗೆ ಕೂತು ನೋಡುವ ನಾಟಕಶಾಲೆಗಳು ಬಹಳ ಇವೆ. ಸ್ಪ್ರಿಂಗ್ ಸ್ಟ್ರೀಟಿನಲ್ಲಿ ಪ್ರಿನ್ಸೆಸ್ ಥಿಯೇಟರ್ ಅಂತ ಒಂದಿದೆ. 1888ರ ಮಾರ್ಚ್ 3ರ ರಾತ್ರಿ ಫೆಡೆರಿಚಿ ಎಂಬ ಗಾಯಕ ಅಲ್ಲಿ ಸೈತಾನನ ವೇಷ ಮಾಡಿದ್ದರು. ಕಥೆಯ ಕೊನೆಯಲ್ಲಿ ರಂಗದ ನೆಲದ ಬಾಗಿಲಿನಿಂದ ಕೆಳಗಿಳಿದು ಮಾಯವಾಗಬೇಕು. ಹಾಗೆ ಇಳಿಯುವಾಗಲೇ ಹೃದಯಾಘಾತವಾಗಿ ತೀರಿಕೊಂಡರು. ಆದರೆ ಜೊತೆಯವರು, ಕೊನೆಗೆ ಎಲ್ಲರೂ ಸಾಲಾಗಿ ನಿಂತು ಕೈಮುಗಿದಾಗ ಅವರೂ ನಮ್ಮ ಜೊತೆ ನಿಂತಿದ್ದರು ಅಂದರಂತೆ. ಆಮೇಲೆ ಬಹಳ ವರ್ಷ, ಹೊಸ ನಾಟಕದ ಮೊದಲ ರಾತ್ರಿ ಅವರಿಗೆ ಅಂತ ಒಂದು ಕುರ್ಚಿ ಖಾಲಿ ಬಿಡುತ್ತಿದ್ದರು. ನನಗೆ ಭಯವಾಗಲಿಲ್ಲ ಅಜ್ಜಿ. ವೇಷ ಕಟ್ಟಿದವರಿಗೆ ಇಷ್ಟು ಮರ್ಯಾದೆ ಕೊಡುವ ಊರು ಒಳ್ಳೆಯ ಊರೇ ಅನ್ನಿಸಿತು. ಟಿಕೆಟ್ ದುಬಾರಿ, ಹಾಗಾಗಿ ಅಪರೂಪಕ್ಕೆ ಹೋಗುತ್ತೇನೆ.

ದುಡ್ಡಿಲ್ಲದೆ ನೋಡುವಂಥದ್ದೇ ಇಲ್ಲಿ ಜಾಸ್ತಿ. ನನ್ನ ಕೋಣೆಯ ಹತ್ತಿರವೇ ಸ್ಟೇಟ್ ಲೈಬ್ರರಿ. 1856ರಿಂದ ಇದೆ. ಚಂದಾ ಬೇಡ, ಯಾರು ಬೇಕಾದರೂ ಹೋಗಿ ಕೂರಬಹುದು. 1913ರಲ್ಲಿ ಕಟ್ಟಿದ ಗುಮ್ಮಟದ ಕೆಳಗೆ ಎಂಟು ಮೂಲೆಯ ಓದುವ ಕೋಣೆ. ಹೊರಗೆ ಚಳಿ ಕೊರೆಯುವಾಗ ರಜಾದಿನ ಅಲ್ಲೇ ಕೂತಿರುತ್ತೇನೆ. ನದಿ ದಾಟಿದರೆ ಆರ್ಟ್ ಗ್ಯಾಲರಿ. ಅಲ್ಲಿನ ದೊಡ್ಡ ಸಭಾಂಗಣದ ಮಾಡು ಪೂರ್ತಿ ಬಣ್ಣದ ಗಾಜು. ಜನ ನೆಲದ ಮೇಲೆ ಅಂಗಾತ ಮಲಗಿ ನೋಡುತ್ತಾರೆ, ಯಾರೂ ಏಳಿ ಅನ್ನುವುದಿಲ್ಲ! ಬರ್ಕ್ ಸ್ಟ್ರೀಟಿನಲ್ಲಿ ಹಾಡುವವರು, ಬಾರಿಸುವವರು. ಅಲ್ಲಿ ನಿಂತು ಹಾಡಲಿಕ್ಕೂ ಪರೀಕ್ಷೆ ಕೊಟ್ಟು ನಗರಪಾಲಿಕೆಯ ಪರವಾನಗಿ ಪಡೆಯಬೇಕು. ಅದಕ್ಕೇ ಹಾಡು ಚೆನ್ನಾಗಿರುತ್ತದೆ. ಶನಿವಾರ ಫುಟ್ಬಾಲ್ ಇದ್ದರಂತೂ ಟ್ರಾಮುಗಳೆಲ್ಲ ತಂಡದ ಬಣ್ಣದ ಮಫ್ಲರ್ ಸುತ್ತಿಕೊಂಡವರಿಂದ ತುಂಬಿರುತ್ತವೆ. ಮೈದಾನದಲ್ಲಿ ಒಂದು ಲಕ್ಷ ಜನ ಹಿಡಿಸುತ್ತದೆ. ಆಟ ನನಗೆ ಅಷ್ಟಾಗಿ ಅರ್ಥವಾಗುವುದಿಲ್ಲ, ಜನರ ಖುಷಿ ನೋಡಲಿಕ್ಕೆ ಹೋಗುತ್ತೇನೆ.

ಇನ್ನು ಕಷ್ಟದ ಮಾತು. ಗಲಾಟೆ ಇದೆ. ರಾತ್ರಿ ಕಸದ ಲಾರಿ ಬರುತ್ತದೆ. ಶುಕ್ರವಾರ ಕುಡಿದವರು ಕೂಗುತ್ತಾ ಹೋಗುತ್ತಾರೆ. ಬೀದಿಬದಿ ಕಂಬಳಿ ಹೊದ್ದು ಮಲಗಿದವರನ್ನು ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಇಷ್ಟು ಸಿರಿವಂತ ಊರಿನಲ್ಲಿ ಇದು ಸರಿಯಲ್ಲ ಅಂತ ನನ್ನ ಮಾತು. ಆದರೆ ಹೆದರಿಕೆ ಅಂತ ಆಗಿಲ್ಲ. ರಾತ್ರಿ ಹತ್ತಕ್ಕೂ ದೀಪ, ಜನ, ಟ್ರಾಮು ಇರುತ್ತದೆ. ಪೇಟೆಯೊಳಗೆ ಟ್ರಾಮಿಗೆ 2015ರಿಂದ ಟಿಕೆಟ್ಟೇ ಬೇಡ. ಬಾಡಿಗೆ ಜಾಸ್ತಿ ಹೌದು, ಆದರೆ ಕಾರು ಇಲ್ಲ, ಪೆಟ್ರೋಲ್ ಇಲ್ಲ, ಆಫೀಸಿಗೆ ನಡೆದು ಹೋಗುತ್ತೇನೆ. ಅಪ್ಪ, ಲೆಕ್ಕ ಬೇರೆ ಹಾಳೆಯಲ್ಲಿ ಬರೆದು ಇಟ್ಟಿದ್ದೇನೆ, ನೋಡಿ.

ಮಾರ್ಚಿನಲ್ಲಿ ಮೂವರೂ ಬನ್ನಿ. ಆಗ ಚಳಿ ಇರುವುದಿಲ್ಲ. ಅಜ್ಜಿಯ ಮಂಡಿನೋವಿಗೆ ಹೆದರಬೇಡಿ, ಹೊಸ ಟ್ರಾಮುಗಳಿಗೆ ಮೆಟ್ಟಿಲು ಹತ್ತಬೇಕಾಗಿಲ್ಲ. ಕೋಣೆ ಸಣ್ಣದು, ಮಲಗಲಿಕ್ಕೆ ಅಣ್ಣನ ಮನೆ ಇದೆ, ಹಗಲೆಲ್ಲ ನನ್ನ ಜೊತೆ ಇರಿ. ಹಲಸಿನ ಹಪ್ಪಳ ತರುವುದಾದರೆ ವಿಮಾನದಲ್ಲಿ ಕೊಡುವ ಫಾರ್ಮಿನಲ್ಲಿ ತಿಂಡಿ ಇದೆ ಅಂತ ಬರೆಯಲೇಬೇಕು. ಮುಚ್ಚಿಟ್ಟರೆ ದಂಡ ಹಾಕುತ್ತಾರೆ. ಪಾಸ್‌ಪೋರ್ಟ್ ಕೆಲಸ ಈಗಲೇ ಶುರು ಮಾಡಿ, ಅಜ್ಜಿಯದ್ದು ಮೊದಲು. ದೊಡ್ಡಪ್ಪನಿಗೆ ಈ ಪತ್ರವನ್ನೇ ಓದಿ ಹೇಳಿ.

ನಿಮ್ಮ ಪ್ರೀತಿಯ ಮಗಳು