ಸಸಿ ಎಷ್ಟು ಅನ್ನೋದಕ್ಕಿಂತ ಯಾವ ಸಸಿ, ಎಲ್ಲಿ ಅನ್ನೋದು ಮುಖ್ಯ

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ಗುಲಾಬಿ ಬಣ್ಣದ ಟಬೂಬಿಯಾ ಹೂಬಿಟ್ಟ ಕೂಡಲೇ ಪತ್ರಿಕೆಗಳಲ್ಲಿ, ಮೊಬೈಲ್‌ಗಳಲ್ಲಿ ಎಲ್ಲಾ ಕಡೆ ಅದೇ ಫೋಟೋ. ಕೆಳಗೆ ಒಂದು ಸಾಲು, ಇದೆಲ್ಲ ಜರ್ಮನಿಯ ಕೃಂಬಿಗಲ್ ಕೊಡುಗೆ ಅಂತ. ಅಷ್ಟಕ್ಕೇ ಮುಗಿಯಿತು. ಅವರು ಯಾರು, ಇಲ್ಲಿಗೆ ಹೇಗೆ ಬಂದರು, ಏನು ಯೋಚನೆ ಮಾಡಿ ಮರ ನೆಡಿಸಿದರು ಅನ್ನೋದು ಎಲ್ಲೂ ಬರುವುದಿಲ್ಲ. ಮಳೆಗಾಲಕ್ಕೆ ಸಸಿ ನೆಡುವ ಮಾತು ಮತ್ತೆ ಶುರುವಾಗಿದೆ, ಅದಕ್ಕೇ ಈ ಪತ್ರ.

ಗುಸ್ತಾವ್ ಹರ್ಮನ್ ಕೃಂಬಿಗಲ್ ಹುಟ್ಟಿದ್ದು 1865ರಲ್ಲಿ, ಡ್ರೆಸ್ಡೆನ್ ಹತ್ತಿರದ ಲೋಹ್ಮೆನ್ ಎಂಬ ಊರಿನಲ್ಲಿ. ತೋಟದ ಕೆಲಸ ಕಲಿತು ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂಪಾತಿ ಮಾಡಿದರು, ಆಮೇಲೆ ಅಲ್ಲಿನ ಕ್ಯೂ ಎಂಬ ಸಸ್ಯೋದ್ಯಾನ ಸೇರಿದರು. 1893ರಲ್ಲಿ ಬರೋಡಾದ ಸಯಾಜಿರಾವ್ ಗಾಯಕವಾಡರ ಸಂಸ್ಥಾನಕ್ಕೆ ಬಂದರು. ಅಲ್ಲಿಂದ ಅವರನ್ನು ನಮ್ಮ ಕಡೆಗೆ ಕರೆಸಿಕೊಂಡವರು ನಾಲ್ವಡಿ ಕೃಷ್ಣರಾಜ ಒಡೆಯರು. ಅಲ್ಲಿಯವರೆಗೆ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಜಾನ್ ಕ್ಯಾಮರಾನ್ 1908ರಲ್ಲಿ ನಿವೃತ್ತರಾದಾಗ ಅದು ಕೃಂಬಿಗಲ್ ಅವರ ಕೈಗೆ ಬಂತು. 1932ರವರೆಗೆ ಅವರೇ ನೋಡಿಕೊಂಡರು. 1912ರಲ್ಲಿ ಮೈಸೂರು ಉದ್ಯಾನಕಲಾ ಸಂಘ ಶುರುವಾಗಿದ್ದು ಅವರಿಂದ. ಈಗಲೂ ಜನ ಕ್ಯೂ ನಿಂತು ಹೋಗುವ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಲ್ಲಿ ಆ ಸಂಘದ ಪಾಲಿದೆ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಕೆಆರ್‌ಎಸ್ ಕೆಳಗೆ ಎದ್ದ ಬೃಂದಾವನದಲ್ಲೂ ಅವರ ಕೈ ಇದೆ.

ಅವರು ಮಾಡಿದ್ದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಬೀದಿ ಮರಗಳ ಯೋಚನೆ. ಒಂದು ಮರದ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಬಿಡಬೇಕು, ವರ್ಷದ ಯಾವ ತಿಂಗಳಲ್ಲಿ ನೋಡಿದರೂ ಊರಿನಲ್ಲಿ ಎಲ್ಲೋ ಒಂದು ಕಡೆ ಮರ ತುಂಬ ಹೂ ಇರಬೇಕು ಅನ್ನೋದು ಅವರ ಲೆಕ್ಕ. ಇವತ್ತಿಗೂ ಗಮನ ಕೊಟ್ಟು ನೋಡಿದರೆ ಆ ಸರದಿ ಕಾಣುತ್ತದೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಜಕರಾಂಡಾ, ರಸ್ತೆ ಮೇಲೆಲ್ಲ ನೇರಳೆ ಹೂ ಉದುರಿರುತ್ತದೆ. ಅದರ ಬೆನ್ನಿಗೆ ಹೊಂಗೆ. ಏಪ್ರಿಲ್, ಮೇ ಬಂದರೆ ಗುಲ್‌ಮೊಹರ್, ಜೊತೆಗೇ ಹಳದಿ ಪೆಲ್ಟೋಫೋರಂ. ಮಳೆ ಶುರುವಾಗುವಾಗ ಹೊಳೆದಾಸವಾಳ. ಮಳೆ ಹಿಂದೆ ಸರಿಯುವ ಕಾಲಕ್ಕೆ ಆಕಾಶಮಲ್ಲಿಗೆ, ಅದನ್ನು ಕಣ್ಣಿಗಿಂತ ಮೊದಲು ಮೂಗು ಕಂಡುಹಿಡಿಯುತ್ತದೆ. ಇದು ಸುಮ್ನೆ ಸಿಕ್ಕಿದ ಸಸಿ ತಂದು ಗುಂಡಿಗೆ ಇಟ್ಟರೆ ಆಗುವ ಕೆಲಸವಲ್ಲ, ಅಲ್ವಾ? ಮರ ಮೂವತ್ತು ವರ್ಷದ ಮೇಲೆ ಎಷ್ಟು ಅಗಲ ಹರಡುತ್ತದೆ, ಯಾವ ತಿಂಗಳು ಎಲೆ ಉದುರಿಸುತ್ತದೆ, ಇಲ್ಲಿನ ಮಣ್ಣಿಗೆ ಹೊಂದುತ್ತದಾ ಎಂದೆಲ್ಲ ಮೊದಲೇ ಗೊತ್ತಿರಬೇಕು.

ಒಂದು ಮಾತು ಮಾತ್ರ ಸ್ಪಷ್ಟವಾಗಿ ಹೇಳಬೇಕು. ಈಗ ನಾವು ಫೋಟೋ ತೆಗೆಯುವ ಮರಗಳನ್ನೆಲ್ಲ ಅವರೇ ನೆಡಿಸಿದ್ದಲ್ಲ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಊರಿನ ತುಂಬ ಲಕ್ಷಗಟ್ಟಲೆ ಗಿಡ ನೆಡಿಸಿದರು. ಕೃಂಬಿಗಲ್ ನಂತರ ಲಾಲ್‌ಬಾಗ್ ನೋಡಿಕೊಂಡ ಎಚ್.ಸಿ. ಜವರಾಯ, ಆಮೇಲೆ ಬಂದ ಎಂ.ಎಚ್. ಮರಿಗೌಡ ಇವರ ದುಡಿಮೆಯೂ ಕಡಿಮೆಯದ್ದಲ್ಲ. ಎಲ್ಲವನ್ನೂ ಒಬ್ಬರ ಹೆಸರಿಗೆ ಬರೆದರೆ ಉಳಿದವರಿಗೆ ಅನ್ಯಾಯ. ಒಬ್ಬರು ಹಾಕಿಕೊಟ್ಟ ದಾರಿಯನ್ನು ಮುಂದಿನವರು ಬಿಡದೆ ಹಿಡಿದದ್ದರಿಂದಲೇ ಇಷ್ಟಾದರೂ ಉಳಿದಿದೆ.

ಈಗ ನಮ್ಮ ರಸ್ತೆಗೆ ಬನ್ನಿ. ಫುಟ್‌ಪಾತ್ ಹೊಸದಾಗಿ ಮಾಡಿದಾಗ ಟೈಲ್ಸನ್ನು ಮರದ ಬುಡಕ್ಕೇ ತಾಗಿಸಿ ಕೂರಿಸಿದ್ದಾರೆ, ಒಂದು ಬೊಗಸೆ ಮಣ್ಣಿಗೂ ಜಾಗ ಇಲ್ಲ. ಬಗ್ಗಿ ನೋಡಿದರೆ ಸಿಮೆಂಟು ತೊಗಟೆಗೆ ಅಂಟಿಕೊಂಡಿದೆ, ಮರ ದಪ್ಪವಾಗುತ್ತಾ ಬಂದ ಹಾಗೆ ಟೈಲ್ಸಿನ ಅಂಚು ತೊಗಟೆಯ ಒಳಗೇ ಹೂತುಹೋಗಿದೆ. ನೀರು ಇಂಗುವುದು ಎಲ್ಲಿಂದ? ಆಮೇಲೆ ಗಾಳಿ ಮಳೆಗೆ ಅದೇ ಮರ ಉರುಳಿದರೆ ಮರ ಅಪಾಯಕಾರಿ ಅನ್ನುತ್ತೇವೆ. ಜೂನ್ 5ರ ಪರಿಸರ ದಿನಕ್ಕೆ ಮಾತ್ರ ಸಸಿ ಹಿಡಿದು ಫೋಟೋ, ಇಷ್ಟು ಸಾವಿರ ನೆಟ್ಟೆವು ಅಂತ ಪ್ರಕಟಣೆ. ಮುಂದಿನ ಬೇಸಿಗೆಗೆ ಹೋಗಿ ನೋಡಿದರೆ ಜಾಲರಿ ನಿಂತಿರುತ್ತದೆ, ಒಳಗೆ ಒಣಗಿದ ಕಡ್ಡಿ. ವಿದ್ಯುತ್ ತಂತಿಯ ಕೆಳಗೆ ಎತ್ತರಕ್ಕೆ ಬೆಳೆಯುವ ಜಾತಿ ನೆಟ್ಟು, ಬೆಳೆದ ಮೇಲೆ ತಲೆ ಕಡಿಯುವುದಂತೂ ಮಾಮೂಲಾಗಿದೆ.

ಕೃಂಬಿಗಲ್ ನಿವೃತ್ತರಾದ ಮೇಲೂ ಊರು ಬಿಟ್ಟು ಹೋಗಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯವರು ಅನ್ನುವ ಒಂದೇ ಕಾರಣಕ್ಕೆ ಬ್ರಿಟಿಷ್ ಸರ್ಕಾರ ಅವರನ್ನು ಬಂಧನದಲ್ಲಿಟ್ಟಿತ್ತು. ಆದರೂ ಇಲ್ಲೇ ಉಳಿದು, 1956ರಲ್ಲಿ ಇಲ್ಲೇ ತೀರಿಕೊಂಡರು. ಸಮಾಧಿ ಹೊಸೂರು ರಸ್ತೆಯ ಸ್ಮಶಾನದಲ್ಲಿದೆ. ಲಾಲ್‌ಬಾಗ್ ಒಳಗೆ ಅವರ ಹೆಸರಿನ ಸಭಾಂಗಣದ ಮುಂಭಾಗ 2017ರಲ್ಲಿ ಕುಸಿದು ಬಿದ್ದಾಗ ನಾಲ್ಕು ದಿನ ಸುದ್ದಿಯಾಯಿತು, ಮತ್ತೆ ಮರೆತೆವು.

ನಾನು ಪಾಲಿಕೆಯಿಂದ ಕೇಳುವುದು ಇಷ್ಟೇ. ಈ ಸಲ ಗುಂಡಿ ತೋಡುವ ಮೊದಲು ವಾರ್ಡುವಾರು ಪಟ್ಟಿ ಹೊರಗೆ ಬಿಡಿ. ಯಾವ ರಸ್ತೆಗೆ ಯಾವ ಮರ, ಅದು ಹೂ ಬಿಡುವ ತಿಂಗಳು ಯಾವುದು, ಮೂರು ವರ್ಷ ನೀರು ಹಾಕುವವರು ಯಾರು, ಎಲ್ಲವೂ ಅದರಲ್ಲಿರಲಿ. ಹಳೆ ಮರಗಳ ಬುಡದ ಸಿಮೆಂಟು ಒಡೆಸಿ, ಕನಿಷ್ಠ ಒಂದು ಮೀಟರ್ ಮಣ್ಣು ಬಿಡಿಸಿ. ಪಟ್ಟಿ ಬಂದರೆ ನಮ್ಮ ಬೀದಿಯ ಮರಗಳಿಗೆ ನೀರು ಹಾಕುವ ಜವಾಬ್ದಾರಿ ಹೊರಲು ನಾವು ಅಕ್ಕಪಕ್ಕದ ಮನೆಯವರು ತಯಾರಿದ್ದೇವೆ.

ಇಂತಿ,
ಒಬ್ಬ ಓದುಗ, ಬಸವನಗುಡಿ, ಬೆಂಗಳೂರು