ನೆಂಟರಿಗೆ ಅಡುಗೆಮನೆ ಬಿಟ್ಟುಕೊಟ್ಟ ದಿನ

ಓದುಗರಿಗೆ ನಮಸ್ಕಾರ.

ಇಂಗ್ಲೆಂಡಿನ ನಮ್ಮ ಕನ್ನಡ ಬಳಗದ ಪತ್ರಿಕೆಯ ಈ ಸಂಚಿಕೆ ಹದಿನೈದು ದಿನ ತಡವಾಯಿತು. ತಪ್ಪು ನನ್ನದೇ. ರಜೆಗೆಂದು ಚಿತ್ರದುರ್ಗಕ್ಕೆ ಹೋದವನು ಅಲ್ಲಿ ಭಾವನ ಗೆಳೆಯರ ಸಾಹಿತ್ಯದ ಕೂಟದಲ್ಲಿ ಸಿಕ್ಕಿಹಾಕಿಕೊಂಡೆ. ಕುರ್ಚಿ ಹೊತ್ತೆ, ನೀರಿನ ಕ್ಯಾನು ಎತ್ತಿದೆ, ಬ್ಯಾನರ್ ಕಟ್ಟಲು ಏಣಿ ಹತ್ತಿದೆ. ವಾಪಸು ಬರುವಾಗ ಸೊಂಟ ಹಿಡಿದಿತ್ತು, ತಲೆಯಲ್ಲಿ ಒಂದು ಹುಳವೂ ಹೊಕ್ಕಿತ್ತು. ಸೊಂಟ ಸರಿಹೋಯಿತು. ಹುಳ ಇನ್ನೂ ಇದೆ. ಅದನ್ನೇ ಇಲ್ಲಿ ಬಿಡುತ್ತಿದ್ದೇನೆ.

ಕೂಟ ದೊಡ್ಡದೇನಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ, ನೂರೈವತ್ತು ಜನ, ಒಂದು ಬಾಡಿಗೆ ಸಭಾಂಗಣ. ಇಷ್ಟು ವರ್ಷ ನಡೆದ ರೀತಿ ನಿಮಗೂ ಗೊತ್ತಿರುವುದೇ. ಪ್ರಾರ್ಥನೆ, ಸ್ವಾಗತ, ದೀಪ, ಆಶಯ ನುಡಿ, ಉದ್ಘಾಟನೆಯ ಮಾತು, ಅಧ್ಯಕ್ಷರ ಮಾತು, ಅಷ್ಟರಲ್ಲಿ ಊಟದ ವಾಸನೆ. ಆಮೇಲೆ ‘ಸಮಕಾಲೀನ ಕಾವ್ಯದ ಸವಾಲುಗಳು’. ಆಮೇಲೆ ನಿದ್ದೆ. ನಿದ್ದೆಯನ್ನು ಯಾರೂ ಆಹ್ವಾನ ಪತ್ರಿಕೆಯಲ್ಲಿ ಹಾಕಿಸುವುದಿಲ್ಲ ಅಷ್ಟೇ.

ಹೋದ ವರ್ಷ ಫೋನಿನಲ್ಲಿ ಭಾವನಿಗೆ ನಮ್ಮ ಇಂಗ್ಲೆಂಡಿನ ಒಂದು ಪದ್ಧತಿ ಹೇಳಿದ್ದೆ. ಬ್ರೈಟನ್‌ನಲ್ಲಿ ಪ್ರತಿ ಮೇ ತಿಂಗಳು ನಾಟಕ, ಸಂಗೀತ, ಪುಸ್ತಕ ಎಲ್ಲ ಸೇರಿದ ಉತ್ಸವ ನಡೆಯುತ್ತದೆ. ಅಲ್ಲಿ 2009ರಿಂದ ‘ಅತಿಥಿ ನಿರ್ದೇಶಕರು’ ಎಂಬ ಏರ್ಪಾಡು ಬಂತು. ಮೊದಲ ವರ್ಷ ಶಿಲ್ಪಿ ಅನೀಶ್ ಕಪೂರ್. 2015ರಲ್ಲಿ ಕಾದಂಬರಿಗಾರ್ತಿ ಆಲಿ ಸ್ಮಿತ್. ಈ ಅತಿಥಿ ಬಂದು ದೀಪ ಹಚ್ಚಿ ಹೋಗುವವರಲ್ಲ. ಯಾವುದು ಬೇಕು, ಯಾರು ಬರಬೇಕು, ಯಾವುದರ ಪಕ್ಕ ಯಾವುದು ಇರಬೇಕು ಎಂದು ತಿಂಗಳುಗಳ ಮುಂಚೆಯೇ ಕೂತು ಯೋಚಿಸುವವರು. 2011ರಲ್ಲಿ ಬರ್ಮಾದ ಪ್ರಜಾಪ್ರಭುತ್ವ ಹೋರಾಟಗಾರ್ತಿ ಆಂಗ್ ಸಾನ್ ಸೂಕಿ ಅವರನ್ನು ಕರೆದಿದ್ದರು. ಗೃಹಬಂಧನದಿಂದ ಬಿಡುಗಡೆಯಾಗಿ ಆರು ತಿಂಗಳಷ್ಟೇ ಆಗಿತ್ತು, ದೇಶ ಬಿಟ್ಟು ಬರಲು ಆಗಲಿಲ್ಲ. ಅತಿಥಿ ಇಲ್ಲದೆಯೂ ಅತಿಥಿಯ ಉತ್ಸವ ನಡೆಯಿತು. ಅವರ ಮುಂದಿನ ರಾಜಕೀಯದ ಬಗ್ಗೆ ಏನೇ ಅನ್ನಿ, ನನಗೆ ಆ ಖಾಲಿ ಕುರ್ಚಿಯ ಕಥೆ ಇಷ್ಟ. ಲಂಡನ್ನಿನ ಸೌತ್‌ಬ್ಯಾಂಕ್ ಕಲಾಕೇಂದ್ರದಲ್ಲಿ ಸಂಗೀತಕ್ಕೆಂದೇ ಇಂಥದ್ದೊಂದು 1993ರಿಂದ ಇದೆ.

ಭಾವ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದರು. “ಅಂದ್ರೆ ನೆಂಟರನ್ನ ಕರೆದು ಅಡುಗೆಮನೆ ಬಿಟ್ಟುಕೊಟ್ಟಂಗೆ ಅನ್ನು.”

ಹೌದು, ಅದೇ. ನಮ್ಮಲ್ಲಿ ನೆಂಟರಿಗೆ ಮಣೆ ಹಾಕುತ್ತೇವೆ. ಒಲೆ ಮುಂದೆ ಬಿಡುವುದಿಲ್ಲ.

ಸಾಹಿತ್ಯ ಸಮ್ಮೇಳನವನ್ನೇ ನೋಡಿ. ದುರ್ಗದಲ್ಲಿ 2009ರಲ್ಲಿ ಎಪ್ಪತ್ತೈದನೆಯದು ನಡೆಯಿತು, ಎಲ್. ಬಸವರಾಜು ಅಧ್ಯಕ್ಷರು. ದಾವಣಗೆರೆಯಲ್ಲಿ 1992ರಲ್ಲಿ ನಡೆದಾಗ ಜಿ.ಎಸ್. ಶಿವರುದ್ರಪ್ಪ ಅಧ್ಯಕ್ಷರು. ಎಂಥ ಓದಿನ ಮನುಷ್ಯರು ಇಬ್ಬರೂ! ನಮ್ಮ ಸಮ್ಮೇಳನಗಳ ಪದ್ಧತಿ ಎಂದರೆ ಇಂಥವರನ್ನು ಮೆರವಣಿಗೆಯಲ್ಲಿ ಕರೆತರುತ್ತೇವೆ, ಭಾಷಣ ಕೇಳುತ್ತೇವೆ. ಗೋಷ್ಠಿಗಳ ಪಟ್ಟಿ ಮಾತ್ರ ಸಮಿತಿಯ ಜೇಬಿನಲ್ಲೇ ಇರುತ್ತದೆ. ‘ನಾಲ್ಕು ಗೋಷ್ಠಿ ನಿಮ್ಮಿಷ್ಟದಂತೆ ಮಾಡಿ ಸಾರ್’ ಎಂದು ಬಿಟ್ಟುಕೊಟ್ಟಿದ್ದರೆ ಎಲ್. ಬಸವರಾಜು ಏನು ಮಾಡಿರುತ್ತಿದ್ದರೋ ಎಂದು ನನಗೆ ಆಗಾಗ ಅನ್ನಿಸುತ್ತದೆ. ಹಳೆಗನ್ನಡವನ್ನು ಹೊಸಬರ ಬಾಯಿಗೆ ತುತ್ತು ಮಾಡಿಟ್ಟ ಮೇಷ್ಟ್ರು ಅವರು.

ಹಾಗೆಂದು ಇದು ಪೂರ್ತಿ ಹೊರಗಿನಿಂದ ತಂದ ಸರಕು ಎಂದುಕೊಳ್ಳಬೇಡಿ. ನಮ್ಮ ಕಡೆ ಹಳ್ಳಿಗಳಲ್ಲಿ ಹುಡುಗರು ನಾಟಕ ಆಡಬೇಕು ಎಂದರೆ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸುತ್ತಿದ್ದರು. ಮೇಷ್ಟ್ರು ತಿಂಗಳುಗಟ್ಟಲೆ ಊರಲ್ಲೇ ಇರುತ್ತಿದ್ದರು. ದಿನಕ್ಕೊಂದು ಮನೆಯಲ್ಲಿ ಊಟ. ಯಾರು ರಾಜ, ಯಾರು ಸಾರಥಿ ಎಂದು ಅವರೇ ಹೇಳಬೇಕು. ಗೌಡರ ಮಗನಿಗೆ ದನಿ ಇಲ್ಲದಿದ್ದರೆ ಅವನಿಗೆ ದ್ವಾರಪಾಲಕನ ಪಾತ್ರ. ಗೌಡರು ಸಿಟ್ಟಾಗುತ್ತಿದ್ದರು, ಆದರೂ ಕೊನೆಗೆ ಮೇಷ್ಟ್ರ ಮಾತೇ ನಡೆಯುತ್ತಿತ್ತು. ಈಗಲೂ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಗೆ ಹೋಗಿ ನೋಡಿ. 1997ರಲ್ಲಿ ಶುರುವಾದ ಶಿವಸಂಚಾರ ನಾಟಕ ತಂಡಕ್ಕೆ ಹೊರಗಿನ ನಿರ್ದೇಶಕರು ಬಂದು ನಾಟಕ ಕಟ್ಟುತ್ತಾರೆ, ಆ ನಾಟಕಗಳು ನಾಡೆಲ್ಲ ತಿರುಗುತ್ತವೆ. ಕೆಲಸ ನಮಗೆ ಗೊತ್ತು. ಅದಕ್ಕೆ ಹೆಸರಿಲ್ಲ ಅಷ್ಟೇ. ‘ಕ್ಯುರೇಟರ್’ ಎಂದರೆ ಕ್ರಿಕೆಟ್ ಪಿಚ್ ನೆನಪಾಗುತ್ತದೆ. ‘ಸಂಯೋಜಕ’ ಎಂದರೆ ಫೋನ್ ಮಾಡಿ ಮಾಡಿ ಸುಸ್ತಾದವನು. ನಾನಂತೂ ‘ಮೇಷ್ಟ್ರು’ ಎಂದೇ ಬರೆಯುತ್ತೇನೆ. ಈ ಸಲ ದುರ್ಗದಲ್ಲಿ ಸಿಕ್ಕ ಮೇಷ್ಟ್ರು ಒಬ್ಬ ನಿವೃತ್ತ ಕನ್ನಡ ಟೀಚರು, ಚಳ್ಳಕೆರೆ ಕಡೆಯವರು.

ಭಾವನ ಕೂಟದ ಸಮಿತಿಯವರು ಅವರಿಗೆ ಬೆಳಿಗ್ಗೆ ಎರಡೂವರೆ ಗಂಟೆ ಹೊತ್ತು, ಊಟದ ನಂತರ ಮೂರು ಗಂಟೆ ಹೊತ್ತು, ಜೊತೆಗೆ ಹದಿನೈದು ಸಾವಿರ ರೂಪಾಯಿ ಕೊಟ್ಟರು. ನಡುವಿನ ಹೊತ್ತು ಸಮಿತಿಯದು. ಟೀಚರು ವಾಟ್ಸಾಪ್‌ನಲ್ಲಿ ಷರತ್ತು ಕಳಿಸಿದರು. ವಿಷಯ ನಾನು ಹೇಳುತ್ತೇನೆ. ಕರೆಯುವವರೂ ನಾನು ಹೇಳಿದವರೇ. ವೇದಿಕೆ ಬೇಡ, ಎಲ್ಲರೂ ಸುತ್ತ ಕೂರೋಣ. ಶಾಲು ಬೇಡ, ಆ ದುಡ್ಡು ಬಂದವರ ಬಸ್ ಚಾರ್ಜಿಗೆ ಇರಲಿ.

ಸಮಿತಿಯಲ್ಲಿ ಗಲಾಟೆಯೋ ಗಲಾಟೆ. ಒಬ್ಬರು ತಮ್ಮ ಷಡ್ಡಕನ ಕವನ ಸಂಕಲನ ಬಿಡುಗಡೆ ಮಾಡಿಸುತ್ತೇನೆ ಎಂದು ಆಗಲೇ ಮಾತು ಕೊಟ್ಟಿದ್ದರು. ನಾನು ಎದುರಿಗೇ ಇದ್ದೆ. ಅವರು ಫೋನ್ ಮಾಡಿ, “ಟೀಚರಮ್ಮ, ಒಂದೇ ಒಂದು ಹೆಸರು ಸೇರಿಸ್ಕೊಳ್ಳಿ” ಅಂದರು.

“ನಿಮ್ಮ ಭಾಗದಲ್ಲಿ ಹಾಕ್ಕೊಳ್ಳಿ ಸಾರ್. ಇದು ನಂದು.”

“ಹತ್ತೇ ನಿಮಿಷ ಕಣಮ್ಮ.”

“ಹತ್ತು ನಿಮಿಷ ಕೊಟ್ರೆ ಉಳಿದಿದ್ದೂ ನಿಮ್ದೇ ಆಗುತ್ತೆ ಸಾರ್.”

ಷಡ್ಡಕರು ಸಮಿತಿಯ ಭಾಗಕ್ಕೆ ಹೋದರು. ಚೆನ್ನಾಗಿಯೇ ಓದಿದರು ಪಾಪ.

ಟೀಚರು ಕೊಟ್ಟ ವಿಷಯ ‘ನೀರು’. ಬರೀ ನೀರು. ಹಿಂದೆ ಮುಂದೆ ಒಂದು ಪದವಿಲ್ಲ. ಬ್ಯಾನರ್ ಬರೆಯುವವನು ಎರಡು ಸಲ ಫೋನ್ ಮಾಡಿ ಕೇಳಿದ, “ಸಾರ್, ಇನ್ನೇನೋ ಬಿಟ್ಟುಹೋಗಿದೆ ಅಲ್ವಾ?”

ಬೆಳಿಗ್ಗೆ ಆರೂವರೆಗೆ ಕೋಟೆ ಬಾಗಿಲಲ್ಲಿ ಅರವತ್ತು ಜನ. ನಾನು ದುರ್ಗದಲ್ಲೇ ಹುಟ್ಟಿದವನು, ಕೋಟೆ ಎಷ್ಟು ಸಲ ಹತ್ತಿದ್ದೇನೋ ಲೆಕ್ಕವಿಲ್ಲ. ನೆಂಟರು ಬಂದರೆ ಒಂದೇ ದಾರಿ: ಒನಕೆ ಓಬವ್ವನ ಕಿಂಡಿ, ಮದಕರಿ ನಾಯಕ, 1779, ಹೈದರಾಲಿ. ತ.ರಾ.ಸು. ಕಾದಂಬರಿಗಳನ್ನು ಓದಿದವರಿದ್ದರೆ ಇನ್ನೂ ಅರ್ಧ ಗಂಟೆ ಜಾಸ್ತಿ. ಟೀಚರು ಈ ದಾರಿ ಹಿಡಿಯಲೇ ಇಲ್ಲ. ಸೀದಾ ಮೇಲೆ ಗೋಪಾಲಸ್ವಾಮಿ ಹೊಂಡದ ಹತ್ತಿರ ಕರೆದೊಯ್ದು ನಿಲ್ಲಿಸಿದರು. “ಇಲ್ಲಿಂದ ನೀರು ಹೋದಂಗೆ ನಾವೂ ಹೋಗಣ,” ಅಂದರು.

ಬಂಡೆಗಳ ಮೇಲೆ ಬಿದ್ದ ಮಳೆ ಮೊದಲು ಮೇಲಿನ ಹೊಂಡ ತುಂಬುತ್ತದೆ. ಅದು ತುಂಬಿ ಹರಿದರೆ ಅಕ್ಕ ತಂಗಿಯರ ಹೊಂಡ. ಅಲ್ಲಿಂದ ಮಿಕ್ಕಿದ್ದು ಇಳಿದಿಳಿದು ಊರೊಳಗಿನ ಸಿಹಿನೀರು ಹೊಂಡಕ್ಕೆ, ಸಂತೆ ಹೊಂಡಕ್ಕೆ. ಏಳು ಸುತ್ತಿನ ಕೋಟೆ ಎಂದು ನಾವು ಗೋಡೆ ಎಣಿಸುತ್ತೇವೆ. ಆದರೆ ಗೋಡೆಯೊಂದನ್ನೇ ನಂಬಿ ಕೋಟೆಯೊಳಗೆ ತಿಂಗಳುಗಟ್ಟಲೆ ಕೂರಲಾಗುತ್ತದೆಯೇ? ಕುಡಿಯಲು ನೀರು ಬೇಡವೇ? ಈ ಪ್ರಶ್ನೆ ನನಗೆ ಐವತ್ತು ವರ್ಷ ಹೊಳೆದಿರಲಿಲ್ಲ.

ಇಳಿಯುವಾಗ ಓಬವ್ವನ ಕಿಂಡಿಯ ಹತ್ತಿರವೂ ನಿಂತೆವು, ಅಲ್ಲಿ ಟೀಚರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. ಓಬವ್ವನ ಕಥೆ ಎಲ್ಲರಿಗೂ ಗೊತ್ತು. ಕಾವಲುಗಾರ ಗಂಡ ಉಣ್ಣಲು ಬಂದ, ಅವಳು ಶತ್ರುಗಳನ್ನು ಕಂಡಳು, ಒನಕೆ ಹಿಡಿದಳು. “ಆದ್ರೆ ಅವಳು ಆ ಹೊತ್ನಲ್ಲಿ ಇಲ್ಲಿಗ್ಯಾಕೆ ಬಂದಳು?” ಎಂದು ಕೇಳಿದರು. ಒಬ್ಬ ಪಿಯುಸಿ ಹುಡುಗಿ ಮೆಲ್ಲಗೆ, “ಗಂಡನಿಗೆ ಕುಡಿಯೋಕೆ ನೀರು ತರೋಕೆ” ಅಂದಳು. ಅಷ್ಟೇ. ಟೀಚರು ಮುಂದೆ ಏನೂ ಹೇಳದೆ ನಡೆದರು.

ನಮ್ಮ ಸಮಿತಿಗಳಲ್ಲಿ ಇಂಥದ್ದು ಹುಟ್ಟುವುದಿಲ್ಲ. ಹನ್ನೊಂದು ಜನ ಕೂತು ಪಟ್ಟಿ ಮಾಡಿದರೆ ಪ್ರತಿಯೊಬ್ಬರದೂ ಒಂದೊಂದು ಸೇರುತ್ತದೆ. ಯಾವುದನ್ನೂ ಬಿಡಲು ಯಾರಿಗೂ ಧೈರ್ಯವಿಲ್ಲ. ಮದಕರಿಯನ್ನು ಬಿಟ್ಟು ದುರ್ಗದ ಕೋಟೆ ತೋರಿಸಲು ಒಬ್ಬರಿಗೇ ಎದೆ ಇರಬೇಕು, ಆ ಒಬ್ಬರ ಹಿಂದೆ ಉಳಿದವರು ಸುಮ್ನೆ ನಡೆಯಬೇಕು.

ಮಧ್ಯಾಹ್ನ ಮೂವರು ಬಂದಿದ್ದರು. ಮೂವರಲ್ಲಿ ಒಬ್ಬರೂ ಸಾಹಿತಿಯಲ್ಲ. ಒಬ್ಬರು ಕೆರೆ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುತ್ತಿದ್ದ ನೀರುಗಂಟಿ. ಇನ್ನೊಬ್ಬರು ಬೋರ್‌ವೆಲ್ ಲಾರಿಯಲ್ಲಿ ಇಪ್ಪತ್ತು ವರ್ಷ ದುಡಿದವರು. ಮೂರನೆಯವರು ಹಟ್ಟಿಯೊಂದರ ಅಜ್ಜಿ. ಸಾವಿರಾರು ಹಾಡು ನಾಲಿಗೆಯ ಮೇಲಿಟ್ಟುಕೊಂಡು ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಪಡೆದ ಸಿರಿಯಜ್ಜಿಯ ತಾಲ್ಲೂಕಿನವರೇ.

ಬೋರ್‌ವೆಲ್‌ನವರ ಮಾತು ನಾನು ಬರೆದುಕೊಂಡೆ. ಕಲ್ಲು ಕೊರೆಯುವಾಗ ಬಿಳಿ ಪುಡಿ ಹಾರುತ್ತಿದ್ದರೆ ಮನೆಯವರೆಲ್ಲ ಸುಮ್ಮನಿರುತ್ತಾರೆ. ಪುಡಿ ಒದ್ದೆಯಾಗುತ್ತಿದ್ದಂತೆ ಹೆಂಗಸರು ಅರಿಸಿನ ಕುಂಕುಮಕ್ಕೆ ಒಳಗೆ ಓಡುತ್ತಾರೆ. “ನೀರು ಬರ್ದಿದ್ರೆ ನಾವು ಮುಖ ನೋಡ್ದೆ ಗಾಡಿ ಎತ್ಕೊಂಡು ಹೋಗ್ತೀವಿ ಸಾರ್. ಅವ್ರು ದುಡ್ಡು ಎಣಿಸ್ತಿರ್ತಾರೆ, ನಾವು ಆ ಕಡೆ ನೋಡ್ತಿರ್ತೀವಿ.” ಸಭೆಯೆಲ್ಲ ನಿಶ್ಶಬ್ದವಾಯಿತು. ಷಡ್ಡಕ ಕವಿ ನನ್ನ ಪಕ್ಕದಲ್ಲೇ ಇದ್ದರು, ಅವರೂ ಪೆನ್ನು ತೆಗೆದರು.

ನೀರುಗಂಟಿ ಅಜ್ಜನಿಗೆ ಮಾರಿಕಣಿವೆ ಅಣೆಕಟ್ಟಿನದೇ ಧ್ಯಾನ. ಅದೇ ಹಿರಿಯೂರಿನ ವಾಣಿವಿಲಾಸ ಸಾಗರ, 1933ರಲ್ಲಿ ಅದು ಕೋಡಿ ಬಿದ್ದಿದ್ದನ್ನು ಅವರ ಅಪ್ಪ ನೋಡಿದ್ದರಂತೆ. ಆಮೇಲೆ ಕೋಡಿ ಬಿದ್ದಿದ್ದು 89 ವರ್ಷಕ್ಕೆ, 2022ರಲ್ಲಿ. ಮೊಮ್ಮಗನ ಬೈಕಿನಲ್ಲಿ ಹೋಗಿ ನೋಡಿ ಬಂದರಂತೆ. ನೋಡಿ ಏನನ್ನಿಸಿತು ಎಂದು ಯಾರೋ ಕೇಳಿದರು. “ಜನ ಜಾಸ್ತಿ ಇದ್ರು” ಅಂದರು.

ಟೀಚರು ನಡುವೆ ಒಂದೇ ಸಲ ಬಾಯಿ ಹಾಕಿದರು. ಊರ ಪಕ್ಕದ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಶಾಸನವಿದೆಯಲ್ಲ, ಅದರಲ್ಲಿ ಮೊದಲು ಬರುವ ಸಂಗತಿ ಯುದ್ಧವಲ್ಲ, ಕೆರೆ. ಮಯೂರಶರ್ಮ ಕೆರೆ ಕಟ್ಟಿಸಿದ ಎಂದು ಪ್ರಾಕೃತದಲ್ಲಿ ಕೊರೆದಿದೆ. ಸಾವಿರದಾರುನೂರು ವರ್ಷದ ಹಿಂದಿನದು. “ಇದೂ ಸಾಹಿತ್ಯಾನೇ,” ಎಂದು ಹೇಳಿ ಕೂತರು.

ಎಲ್ಲವೂ ಸುಸೂತ್ರ ಎಂದು ಬರೆದರೆ ಭಾವ ನಗುತ್ತಾರೆ. ಅಜ್ಜಿಗೆ ಕೊಟ್ಟಿದ್ದು ಹದಿನೈದು ನಿಮಿಷ. ಮಳೆರಾಯನ ಹಾಡು ಹಿಡಿದವರು ಐವತ್ತು ನಿಮಿಷವಾದರೂ ಬಿಡಲಿಲ್ಲ, ನಿಲ್ಲಿಸುವ ಧೈರ್ಯ ಯಾರಿಗೂ ಬರಲಿಲ್ಲ. ಕೊನೆಯ ಬಸ್ಸಿಗೆಂದು ನಲವತ್ತು ಜನ ನಡುವೆಯೇ ಎದ್ದರು. ಮಕ್ಕಳಿಗೆಂದು ಇಟ್ಟಿದ್ದ ಚಿತ್ರ ಬರೆಯುವ ಚಟುವಟಿಕೆ ಪೂರ್ತಿ ಬಿದ್ದುಹೋಯಿತು. ಎಲ್ಲಕ್ಕಿಂತ ದೊಡ್ಡ ಎಡವಟ್ಟು, ನಾಲ್ಕು ಗಂಟೆಗೆ ಕುಡಿಯುವ ನೀರು ಮುಗಿಯಿತು! ‘ನೀರು’ ಎಂದು ಎರಡಡಿ ಅಕ್ಷರದಲ್ಲಿ ಬರೆದ ಬ್ಯಾನರಿನ ಕೆಳಗೆ ಖಾಲಿ ಕ್ಯಾನು. ಕ್ಯಾನಿನ ಲೆಕ್ಕ ನೋಡಿಕೊಳ್ಳುತ್ತಿದ್ದವನು ಯಾರು ಎಂದು ಮೊದಲೇ ಹೇಳಿದ್ದೇನೆ. ಅಜ್ಜಿ ಹಾಡು ನಿಲ್ಲಿಸಿದ್ದು ಆಗಲೇ, ಗಂಟಲು ಒಣಗಿ.

ಈಗ ಇಂಗ್ಲೆಂಡಿನ ನಮ್ಮ ಬಳಗದ ವಿಷಯ. ನವೆಂಬರಿನ ರಾಜ್ಯೋತ್ಸವದಲ್ಲಿ ಎರಡು ಗಂಟೆಯನ್ನು ಹೀಗೆ ಒಬ್ಬರ ಕೈಗೆ ಕೊಡೋಣ ಎಂದು ಸಮಿತಿಯಲ್ಲಿ ಕೇಳಿದೆ. ಗುಂಪು ನೃತ್ಯಕ್ಕೆ ಆಗಲೇ ಒಂಬತ್ತು ತಂಡ ಹೆಸರು ಕೊಟ್ಟಿವೆ, ಆ ಎರಡು ಗಂಟೆ ಎಲ್ಲಿಂದ ಬರಬೇಕು ಎಂದು ಜಗಳವಾಯಿತು. ಜಗಳ ನ್ಯಾಯವಾದದ್ದೇ. ವರ್ಷವಿಡೀ ಕಾದು ಮಕ್ಕಳಿಗೆ ಬಟ್ಟೆ ಹೊಲಿಸಿದ ತಾಯಂದಿರಿಗೆ ನಾನು ಏನು ಹೇಳಲಿ? ಕೊನೆಗೆ ಭಾಷಣಗಳನ್ನು ಕತ್ತರಿಸಿದೆವು. ನನ್ನದೂ ಹೋಯಿತು. ನೃತ್ಯ ಒಂಬತ್ತೂ ಇರುತ್ತವೆ.

ಮೊದಲ ಮೇಷ್ಟ್ರಾಗಿ ಆ ಟೀಚರನ್ನೇ ಕೇಳಿದೆವು. ವೀಸಾ, ವಿಮಾನ ಏನೂ ಬೇಡವಂತೆ, ಅಲ್ಲಿಂದಲೇ ಫೋನಿನಲ್ಲಿ ಮಾಡಿಸುತ್ತಾರಂತೆ. ಬ್ರೈಟನ್ನಿನ ಖಾಲಿ ಕುರ್ಚಿಯ ಕಥೆ ಹೇಳಿದೆ, ನಕ್ಕರು. ಆಮೇಲೆ ಕೇಳಿದರು, “ಅದಿರ್ಲಪ್ಪ, ನೀವಿರೋ ಊರಿಗೆ ಕುಡಿಯೋ ನೀರು ಎಲ್ಲಿಂದ ಬರುತ್ತೆ? ಯಾವ ಹೊಳೆ, ಯಾವ ಕೆರೆ? ಮೊದ್ಲು ಅದು ಹೇಳು, ಆಮೇಲೆ ಕಾರ್ಯಕ್ರಮ.”

ನಾನು ಈ ಊರಿಗೆ ಬಂದು ಇಪ್ಪತ್ತೆರಡು ವರ್ಷ. ಸಮಿತಿಯ ಗುಂಪಿನಲ್ಲಿ ಆ ರಾತ್ರಿಯೇ ಕೇಳಿದೆ. ಹನ್ನೊಂದು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಒಬ್ಬರು ‘ನಲ್ಲಿಯಿಂದ’ ಎಂದು ಬರೆದು ನಗುವ ಮುಖ ಹಾಕಿದರು. ಓದುಗರಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಈ ತಿಂಗಳ ಕೊನೆಯೊಳಗೆ ಸಂಪಾದಕರಿಗೆ ಬರೆದು ತಿಳಿಸಿ. ಟೀಚರು ಪ್ರತಿ ಭಾನುವಾರ ಫೋನ್ ಮಾಡಿ ಕೇಳುತ್ತಿದ್ದಾರೆ.