ರಾಮಪತ್ರೆ ಜಡ್ಡಿಗೆ ಸಸಿಗಿಂತ ಮೊದಲು ನೀರು ಬೇಕು: ಅರಣ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರೇ,

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಮತ್ತು ಸುತ್ತಲಿನ ಘಟ್ಟದ ಕಣಿವೆಗಳಲ್ಲಿ ಅಳಿದುಳಿದ ರಾಮಪತ್ರೆ ಜಡ್ಡಿಗಳ, ಅಂದರೆ ಕಾಡು ಜಾಯಿಕಾಯಿ ಜಾತಿಯ ಮರಗಳು ಬೆಳೆಯುವ ಸಿಹಿನೀರಿನ ಜೌಗು ಕಾಡುಗಳ, ಪರವಾಗಿ ಈ ಪತ್ರ. 2000ದಲ್ಲಿ ವಿಜ್ಞಾನಕ್ಕೆ ಪರಿಚಯವಾದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಮರಕ್ಕೆ ಈ ಕಾನಿನ ಹೆಸರೇ ಇದೆ. ಅದರ ಬೆಳೆದ ಮರಗಳು ತೀರಾ ಕಡಿಮೆ. ಸಸಿ ನೆಡುವ ಯೋಜನೆಗಳು ಒಳ್ಳೆಯವೇ, ಆದರೆ ನೀರಿನ ಹರಿವು ಕೆಟ್ಟ ಜಡ್ಡಿಯಲ್ಲಿ ನೆಟ್ಟ ಸಸಿ ನಿಲ್ಲುವುದಿಲ್ಲ.

ಜಡ್ಡಿಯಲ್ಲಿ ಬೇರುಗಳು ಕೆಸರಿನಿಂದ ಮೇಲೆದ್ದು, ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿಗಿಳಿಯುತ್ತವೆ. ಗಾಳಿಯಾಡದ ಕೆಸರಿನಲ್ಲಿರುವ ಬೇರಿಗೆ ಉಸಿರು ಸಿಗುವುದು ಆ ಬಾಗಿನ ತೊಗಟೆಯ ಸಣ್ಣ ರಂಧ್ರಗಳಿಂದ. ಮೇಲ್ಗಡೆ ಪೈಪು ಹಾಕಿ ನೀರೆಳೆದರೆ ಬೇಸಿಗೆಯಲ್ಲಿ ಅಂಚು ಒಣಗಿ, ಒಣನೆಲದ ಗಿಡಗಳು ಒಳನುಗ್ಗುತ್ತವೆ. ಕೆಳಗಡೆ ಚೆಕ್‌ಡ್ಯಾಂ ಕಟ್ಟಿದರೆ ನೀರು ನಿಂತು ಬಾಗುಗಳೇ ಮುಳುಗುತ್ತವೆ. ರಸ್ತೆ ಕೆಲಸದ ಹೂಳೂ ಅವನ್ನು ಹೂತುಹಾಕುತ್ತದೆ. ಜಲಸಂರಕ್ಷಣೆಯ ಹೆಸರಿನ ಕಟ್ಟೆಯೂ ಇಲ್ಲಿ ಮರ ಕೊಲ್ಲಬಲ್ಲದು ಎಂಬುದು ಇಲಾಖೆಯ ಎಂಜಿನಿಯರುಗಳಿಗೆ ತಲುಪಲೇಬೇಕು.

ಅಡಿಕೆ ತೋಟದವರನ್ನು ಎದುರು ಹಾಕಿಕೊಳ್ಳಬೇಕಿಲ್ಲ. ನೀರು ಜಡ್ಡಿ ದಾಟಿ ಹೊರಬಂದ ಮೇಲೆ ತೆಗೆದರೆ ತಗ್ಗಿನ ತೋಟಕ್ಕೂ ಸಿಗುತ್ತದೆ, ಮರಕ್ಕೂ ಉಳಿಯುತ್ತದೆ. ಎತ್ತರದ ತೋಟಕ್ಕೆ ಪಂಪಿನ ಖರ್ಚು ಬೀಳುತ್ತದೆ. ಅದನ್ನು ಸರ್ಕಾರವೇ ಭರಿಸಲಿ.

ಜಡ್ಡಿಯ ನೀರಿನ ಮಟ್ಟ ಅಳೆಯಲು ದೊಡ್ಡ ಉಪಕರಣ ಬೇಡ. ಒಂದೂವರೆ ಮೀಟರ್ ಪಿವಿಸಿ ಪೈಪಿನ ಕೆಳಗಿನ ಅರ್ಧಕ್ಕೆ ತೂತು ಕೊರೆದು, ಆ ಭಾಗಕ್ಕೆ ನೈಲಾನ್ ಜಾಲರಿ ಸುತ್ತಿ, ಒಂದು ಮೀಟರ್ ಆಳಕ್ಕೆ ಹೂಳಿ. ಅಂಚಿನಲ್ಲೊಂದು, ನಡುವೆಯೊಂದು. ಜನವರಿಯಿಂದ ಮೇವರೆಗೆ ಹದಿನೈದು ದಿನಕ್ಕೊಮ್ಮೆ ಗ್ರಾಮದ ಜೀವವೈವಿಧ್ಯ ನಿರ್ವಹಣಾ ಸಮಿತಿಯವರೇ ನೀರಿನ ಮಟ್ಟ ಬರೆದಿಡಬಹುದು. ಈ ದಾಖಲೆ ನೋಡದೆ ಜಲಾನಯನದಲ್ಲಿ ಯಾವ ಕಾಮಗಾರಿಗೂ ಮಂಜೂರಾತಿ ಬೇಡ.

ನರ್ಸರಿಯ ಬಗ್ಗೆ ಒಂದು ಮಾತು. ಜಡ್ಡಿಯ ರಾಮಪತ್ರೆ ಜಾತಿಗಳ ಬೀಜ ಒಣಗಿದರೆ ಸತ್ತಂತೆಯೇ. ಬಿಸಿಲಿಗೆ ಹರವಿ ಗೋಣಿಚೀಲದಲ್ಲಿ ದಾಸ್ತಾನಿಟ್ಟ ಬೀಜ ಮೊಳೆಯುವುದಿಲ್ಲ. ಬೀಜಕ್ಕೆ ಸುತ್ತಿಕೊಂಡ ಪತ್ರೆ ಬಿಡಿಸಿ, ತೊಳೆದು, ತೇವದ ಮರಳಿನಲ್ಲಿ ನೆರಳಿನಡಿ ಕೂಡಲೇ ಬಿತ್ತಬೇಕು. ಈ ಮರಗಳಲ್ಲೂ ಸೆಮೆಕಾರ್ಪಸ್‌ನಲ್ಲೂ ಗಂಡು ಹೆಣ್ಣು ಬೇರೆ ಬೇರೆ, ಹೂ ಬಿಡುವವರೆಗೆ ಗುರುತು ಸಿಗದು. ಹಾಗಾಗಿ ಹಲವು ತಾಯಿಮರಗಳ ಸಸಿಗಳನ್ನು ಗುಂಪಾಗಿ ನೆಡಬೇಕು. ಒಂಟಿಯಾಗಿ ನೆಟ್ಟ ಸಸಿ ಮರವಾದರೂ ಕಾಯಿ ಕಚ್ಚುವ ಭರವಸೆಯಿಲ್ಲ.

ಜೀವವೈವಿಧ್ಯ ಕಾಯ್ದೆ 2002ರ 37ನೇ ಕಲಮಿನಡಿ ಜೀವವೈವಿಧ್ಯ ಪಾರಂಪರಿಕ ತಾಣ ಘೋಷಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಈ ಜಡ್ಡಿಗಳಿಗೆ ಅದನ್ನು ಬಳಸಿ. ಗಡಿ ಗುರುತಿಸುವಾಗ ಕೆಸರಿರುವಷ್ಟು ಜಾಗಕ್ಕೇ ಕಲ್ಲು ನೆಡದೆ, ಅಲ್ಲಿಗೆ ನೀರಿಳಿಸುವ ಗುಡ್ಡದ ನೆತ್ತಿಯವರೆಗೂ ಸೇರಿಸಿ.

ಇಂತಿ,
ಮಲೆನಾಡಿನ ಸಸ್ಯ ಅಧ್ಯಯನಕಾರರು